ಬಣ್ಣ ಕಟ್ಟದೆ

ಆಂದ್ರಿಯಾಕೆಯ ಬಂದರಿಗೆ ಹಡಗು ತಿರುಗುವ ಮೊದಲೇ
ಗಾಳಿ ಯಾವ ಕಡೆಯದೆಂದು ನಾವಿಕರು
ನಮ್ಮ ಹಂಡೆಗಳ ನಾತದಿಂದ ಹೇಳುತ್ತಿದ್ದರು.
ಮುಳ್ಳುಶಂಖ ಒಡೆದು, ಒಳಗಿನ ಹುಳುವಿನ ನರ ಕಿತ್ತು
ಮೂರು ದಿನ ಉಪ್ಪಿನಲ್ಲಿ ಕೊಳೆಸಿ, ಹತ್ತು ದಿನ ಸಣ್ಣ ಉರಿಯಲ್ಲಿಟ್ಟರೆ
ರೋಮಿನ ಯಾವನೋ ದೊಡ್ಡವನ ಹೆಗಲಿಗೆ
ಬೆರಳಗಲದ ನೇರಳೆ ಅಂಚು.
ಅವನಿಗೆ ಬೆರಳಗಲ.
ನನಗೆ ಮೊಣಕೈವರೆಗೆ.

ತೊಳೆದೆ. ಬೂದಿ ಹಚ್ಚಿ, ಮರಳು ಹಚ್ಚಿ,
ಒಮ್ಮೆ ಸಿಟ್ಟಿನಲ್ಲಿ ಕಲ್ಲಿಗೇ ಉಜ್ಜಿ. ಹೋಗಲಿಲ್ಲ.
ಕೈ ತೊಳೆದುಕೊಂಡವರು ಬೇರೆಯವರು, ನನ್ನಿಂದ:
ಮೊದಲು ಗಂಡ, ಆಮೇಲೆ ಅವನ ತಾಯಿ,
ಆಮೇಲೆ ರೊಟ್ಟಿ ಮಾರುವವಳು.
ಕಾಸು ನೆಲದ ಮೇಲಿಡು ಅಮ್ಮಿಯಾ, ಅನ್ನುತ್ತಿದ್ದಳು,
ರೊಟ್ಟಿಯನ್ನೂ ಅಲ್ಲೇ ಇಡುತ್ತಿದ್ದಳು.

ಜೋಸಿಮ ಬಂದದ್ದು ಗೋಧಿಯ ಹಡಗಿನಲ್ಲಿ. ಹಗ್ಗ ಹೊಸೆಯುವವನು.
ಚಳಿಗಾಲಕ್ಕೆ ಕಡಲು ಮುಚ್ಚಿತು, ಅವನು ಉಳಿದ.
ಮೆಲಿತಿನೆಯ ಮನೆಯಲ್ಲಿ, ಬಲೆ ಒಣಗಿಸುವ ಅಟ್ಟದ ಮೇಲೆ
ವಾರದ ಮೊದಲ ದಿನ, ಇನ್ನೂ ಕತ್ತಲಿರುವಾಗ ಕೂಡುತ್ತಿದ್ದರು.
ನಾನೂ ಹೋದೆ.
ನಿಜ ಹೇಳಬೇಕೆಂದರೆ, ಅಲ್ಲಿ ಒಲೆ ಉರಿಯುತ್ತಿತ್ತು ಅಂತ.

ಅವನಿಗೆ ಮಾತೇ ಬರುತ್ತಿರಲಿಲ್ಲ.
'ಪಿತ' ಅನ್ನುವ ಪದ ಎದುರಾದರೆ
ಹಗ್ಗಕ್ಕೆ ಗಂಟು ಬಿದ್ದ ಹಾಗೆ ನಿಂತುಬಿಡುತ್ತಿದ್ದ.
ಆ ರಾತ್ರಿಯ ಕಥೆಯನ್ನು ಹಿಂದುಮುಂದಾಗಿ ಹೇಳಿ
'ಅಲ್ಲ, ಅಲ್ಲ, ಕೋಳಿ ಕೂಗಿದ್ದು ಆಮೇಲೆ' ಎಂದು ತಿದ್ದಿಕೊಂಡ.
ಹುಡುಗರು ನಕ್ಕರು. ನಾನೂ ನಕ್ಕೆ.

ಊಟಕ್ಕೆ ಕೂತಾಗ ನನ್ನ ಎಡಬಲ ಎಂದಿನಂತೆ ಖಾಲಿ.
ಎದ್ದು ಬಂದ. ಎಡಕ್ಕೆ ಕೂತ. ರೊಟ್ಟಿ ಮುರಿದು
ಅರ್ಧವನ್ನು ನನ್ನ ಅಂಗೈಯಲ್ಲಿಟ್ಟ.
ಮೂಗು ಮುಚ್ಚಲಿಲ್ಲ;
ವಾಸನೆಯೇ ಇಲ್ಲವೆಂಬಂತೆ ನಟಿಸಲೂ ಇಲ್ಲ.
'ನಾತ ಜೋರಾಗಿದೆ, ಅಕ್ಕ' ಅಂದ.
'ಉಪ್ಪು ಈ ಕಡೆ ಕೊಡು.'

ಅಷ್ಟೇ.

ಹೊಳೆಯಲ್ಲಿ ನನ್ನನ್ನು ಮುಳುಗಿಸಿ ಎತ್ತಿದರು, ಬಣ್ಣ ಬಿಡಲಿಲ್ಲ.
ಆ ವರ್ಷವೇ ಹಿರಿಯ ಥೆಯೊಗೆನ ಕರೆದು ಹೇಳಿದ:
ಪತಾರದಿಂದ ಜನ ಬರುತ್ತಿದ್ದಾರೆ, ಎದ್ದು ಸಾಕ್ಷಿ ಹೇಳು.
ಬೆಳಕು ಕಂಡೆಯಾ?
ಇಲ್ಲ.
ದನಿ?
ಇಲ್ಲ.
ಕನಸಾದರೂ?
ಕನಸಿನಲ್ಲಿ ಬರುವುದು ಶಂಖಗಳೇ.
ಒಂದಿಷ್ಟು ಬಣ್ಣ ಕಟ್ಟಿ ಹೇಳಬಹುದಲ್ಲ, ಅಂದ, ಒಳ್ಳೆಯದಕ್ಕೇ ತಾನೆ.
ಅಯ್ಯಾ, ಬಣ್ಣ ಕಟ್ಟುವುದು ಕೆಳಗೆ, ಬಂದರಿನಲ್ಲಿ, ಕೂಲಿಗೆ.
ಅಟ್ಟದ ಮೇಲೆ ಬೇಡ.
ಎದ್ದೆ. ರೊಟ್ಟಿ ಅಂದೆ, ಅಂಗೈ ಅಂದೆ, ಉಪ್ಪು ಅಂದೆ. ಕೂತೆ.
ಪತಾರದವರಲ್ಲೊಬ್ಬ ಆಕಳಿಸಿದ.

ವಸಂತದಲ್ಲಿ ಹೋದ ಜೋಸಿಮ ಮತ್ತೆ ಬರಲಿಲ್ಲ.
ಎಲ್ಲಿ ಸತ್ತನೋ, ಯಾವ ಊರಿನಲ್ಲಿ ತೊದಲಿದನೋ.
ಅವನು ಹೊಸೆದ ಹಗ್ಗ ಮೆಲಿತಿನೆಯ ಬಾವಿಯಲ್ಲಿ
ಇಪ್ಪತ್ತು ವರ್ಷ ನೀರು ಸೇದಿ ಕಳೆದ ಬೇಸಿಗೆಯಲ್ಲಿ ಹರಿಯಿತು.

ನಿನ್ನೆ ಒಬ್ಬ ಹುಡುಗ ಬಂದಿದ್ದ, ಪೂರ್ವದಿಂದ,
ಜೇನಿನಂಥ ನಾಲಿಗೆ. ಅಟ್ಟ ತುಂಬಿತ್ತು.
ಸೀದೋನಿನಲ್ಲಿ ಒಬ್ಬ ಬಣ್ಣಗಾರ್ತಿ ಇದ್ದಳಂತೆ.
ಸಿಡಿಲಿನ ದನಿಯವನೊಬ್ಬ, ಆಳೆತ್ತರದವನು, ಅವಳಿಗೆ ರೊಟ್ಟಿ ಕೊಟ್ಟನಂತೆ.
ಮುಟ್ಟಿದ್ದೇ ತಡ, ಅವಳ ಕೈ ಹಿಮದ ಹಾಗೆ ಬೆಳ್ಳಗಾಯಿತಂತೆ!
ಜನ ಅತ್ತರು. ಥೆಯೊಗೆನನ ಮಗನೂ ಅತ್ತ.

ನನ್ನ ಕೈ ಬಿಳಿ ಮಾಡಿದ್ದಕ್ಕೆ ನನಗೆ ನೋವಿಲ್ಲ.
ಅವನ ತೊದಲನ್ನು ಕಿತ್ತುಕೊಂಡರಲ್ಲ,
ಅದೊಂದೇ ಅವನ ಸ್ವಂತದ್ದು.

ಊಟದ ಹೊತ್ತಿಗೆ ಹುಡುಗನ ಎಡಕ್ಕೆ ಹೋಗಿ ಕೂತೆ.
ರೊಟ್ಟಿ ಮುರಿದು, ಮೊಣಕೈವರೆಗೆ ಸೆರಗು ಸರಿಸಿ, ಚಾಚಿದೆ.
ಅವನ ಬೆರಳು ಗಾಳಿಯಲ್ಲೇ ನಿಂತಿತು,
ಮೊದಲ ಸಲ ಅವನಿಗೂ ಒಂದು ಪದ ಗಂಟು ಬಿದ್ದಿತ್ತು.

'ನಾತ ಇದೆ' ಅಂದೆ.
'ಇದೆ ಅಂತ ಹೇಳಬಹುದು, ಮಗ.
ಉಪ್ಪು ಆ ಕಡೆ ಇದೆ.'